ಕಣ್ಣಿಗೊತ್ತಿಕೊಂಡ ಕಾಲುಚೀಲ

ವಯಸ್ಸು ನಲವತ್ತೈದು ದಾಟಿದ ಮೇಲೆ ಅಂಟಿಕೊಳ್ಳುವ ಹುಚ್ಚುಗಳಲ್ಲಿ ಓಟದ ಹುಚ್ಚು ಬಹಳ ಕೆಟ್ಟದ್ದು. ಬೇರೆ ಹುಚ್ಚುಗಳನ್ನು ಮನೆಯೊಳಗೆ ಮುಚ್ಚಿಡಬಹುದು, ಇದನ್ನು ಊರೆಲ್ಲ ನೋಡುತ್ತದೆ. ಕೂಡ್ಲಿಗಿಯಲ್ಲಿ ಹೈಸ್ಕೂಲು ಮೇಷ್ಟ್ರಾಗಿರುವ ನಾನು ಊರಿನಲ್ಲಿ ವರ್ಷಕ್ಕೊಮ್ಮೆ ನಡೆಯುವ ದೂರದ ಓಟದಲ್ಲಿ ಹೋದ ವರ್ಷ ಹಿಮ್ಮಡಿಗೆ ನೀರುಗುಳ್ಳೆ ಎದ್ದು, ಕಾನಹೊಸಹಳ್ಳಿ ರಸ್ತೆಯಲ್ಲಿ ಅರ್ಧಕ್ಕೇ ಕುಂಟುತ್ತ ನಿಂತು, ಕೊನೆಗೆ ಟೊಮೇಟೊ ಟೆಂಪೊ ಹತ್ತಿ ಊರು ಸೇರಿದೆ. ನನ್ನ ವಿದ್ಯಾರ್ಥಿಗಳು ರಸ್ತೆಯ ಎರಡೂ ಬದಿ ನಿಂತು ಚಪ್ಪಾಳೆ ತಟ್ಟಿದರು. ಈ ಸಲವೂ ಹಾಗಾದರೆ ವರ್ಗಾವಣೆ ಕೇಳುವುದೊಂದೇ ದಾರಿ ಎಂದು ಹೆಂಡತಿಗೆ ಹೇಳಿಬಿಟ್ಟಿದ್ದೆ.

ತಪ್ಪೆಲ್ಲ ನೈಲಾನ್ ಕಾಲುಚೀಲದ್ದು ಎಂದು ಸೈಕಲ್ ಹುಚ್ಚಿನ ಗೆಳೆಯ ಕೊಟ್ರೇಶಿ ತೀರ್ಪು ಕೊಟ್ಟ. ಮೆರಿನೊ ಅಂತ ಒಂದು ಕುರಿ ಉಂಟು, ಅದರ ಉಣ್ಣೆಯ ತೆಳು ಕಾಲುಚೀಲ ತರಿಸು, ಹಾಕಿದ್ದೇ ಗೊತ್ತಾಗುವುದಿಲ್ಲ, ವಾರಗಟ್ಟಲೆ ಹಾಕಿದರೂ ನಾರುವುದಿಲ್ಲ ಎಂದ. ತರಿಸಿದೆ. ಪಾರ್ಸೆಲ್ ಓಟದ ಹಿಂದಿನ ದಿನ ಬಂತು. ಬಾಗಿಲಲ್ಲಿ ಅದನ್ನು ಇಸಿದುಕೊಂಡವಳು ನಮ್ಮವ್ವ. ಪೊಟ್ಟಣದ ಮೇಲೆ ದೊಡ್ಡದೊಂದು ಕುರಿಯ ಚಿತ್ರ.

ನಮ್ಮದು ಕುರಿ ಸಾಕಿದ ಮನೆತನ. ಕುರಿಗಳು ಹೋಗಿ ಎಷ್ಟೋ ಕಾಲವಾಯಿತು, ಕರಿ ಕಂಬಳಿ ಉಳಿದಿದೆ. ಮೈಲಾರಲಿಂಗನ ಪೂಜೆಗೆ ಅದನ್ನೇ ಹಾಸಿ ಗದ್ದಿಗೆ ಮಾಡುತ್ತೇವೆ. ಅಪ್ಪಿತಪ್ಪಿ ಕಾಲು ತಾಗಿದರೆ ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು.

“ಇದರ ಮ್ಯಾಲೆ ಕುರಿ ಯಾಕೈತಿ?” ಎಂದು ಅವ್ವ ಕೇಳಿದಳು. ಸುಮ್ಮನೆ ಚಂದಕ್ಕೆ ಹಾಕಿರುತ್ತಾರೆ ಎಂದೆ. ಅವಳು ಪೊಟ್ಟಣ ಹರಿದು, ಒಂದು ಕಾಲುಚೀಲವನ್ನು ಹೆಬ್ಬೆರಳಿನಿಂದ ನಿಧಾನವಾಗಿ ಉಜ್ಜಿ ನೋಡಿದಳು.

“ಉಣ್ಣಿ ಐತಲ್ಲೋ ಇದು. ಇದನ್ನ ತುಳಕೊಂಡು ಓಡತೀಯೇನು?”

ಇದು ಪರದೇಶದ ಕುರಿ, ನಮ್ಮ ದೇವರಿಗೂ ಅದಕ್ಕೂ ಸಂಬಂಧವಿಲ್ಲ ಎಂದು ವಾದಿಸಿದೆ. ಕುರಿಗೆ ಯಾವ ದೇಶ ಎಂದು ಅವಳು ಕೇಳಿದಳು. ಕಾಲುಚೀಲಗಳು ದೇವರ ಜಗಲಿಗೆ ಹೋಗಿ ಕಂಬಳಿಯ ಪಕ್ಕ ಕೂತವು. ಆ ಸಂಜೆ ಅವ್ವ ನನ್ನನ್ನು ಊಟಕ್ಕೂ ಕರೆಯಲಿಲ್ಲ. ಅವಳು ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವಳನ್ನು ನೋಯಿಸಿ ಓಡುವುದು ನನ್ನಿಂದಾಗುವ ಮಾತಲ್ಲ, ಇನ್ನೊಮ್ಮೆ ಟೆಂಪೊ ಹತ್ತುವುದೂ ಆಗುವ ಮಾತಲ್ಲ.

ಬೆಳಗ್ಗೆ ಹಳೆಯ ನೈಲಾನನ್ನೇ ಏರಿಸಲು ಕೂತಿದ್ದೆ. ಅವ್ವ ಬಂದು ಉಣ್ಣೆಯವನ್ನು ಮುಂದೆ ಹಿಡಿದಳು. ದೇವರ ಭಂಡಾರದ ಅರಿಶಿನ ಸವರಿ ಹಳದಿ ಮಾಡಿದ್ದಳು. ಹಾಕುವಾಗೊಮ್ಮೆ, ತೆಗೆಯುವಾಗೊಮ್ಮೆ ಕಣ್ಣಿಗೊತ್ತಿಕೊಂಡರೆ ದೇವರು ಏನೂ ಅನ್ನುವುದಿಲ್ಲ ಎಂದಳು. ಹೊಸವು, ಸಲೀಸಾಗಿ ಒತ್ತಿಕೊಂಡೆ. ತೆಗೆಯುವಾಗಿನ ಮಾತು ಆಗ ತಲೆಗೆ ಹೋಗಲಿಲ್ಲ.

ಓಡಿದೆ. ಹೆಜ್ಜೆ ಹೆಜ್ಜೆಗೂ ಗುಳ್ಳೆ ಈಗ ಎದ್ದೀತು, ಇನ್ನೇನು ಎದ್ದೀತು ಎಂದು ಹೆದರುತ್ತಲೇ ಓಡಿದೆ. ಯಾವುದೋ ಟೊಮೇಟೊ ಟೆಂಪೊ ಪಕ್ಕದಲ್ಲೇ ಹಾರ್ನ್ ಹಾಕಿಕೊಂಡು ಹೋದಾಗ ಅತ್ತ ನೋಡದೆ ಮುಖ ತಿರುಗಿಸಿಕೊಂಡೆ. ಗುಳ್ಳೆ ಏಳಲಿಲ್ಲ. ಎಲ್ಲರಿಗಿಂತ ಕೊನೆಯವನಾಗಿಯಾದರೂ ನನ್ನ ಕಾಲಿನಿಂದಲೇ ಗುರಿ ಮುಟ್ಟಿದೆ. ವಿದ್ಯಾರ್ಥಿಗಳು ಸುತ್ತುಗಟ್ಟಿದರು. ನನಗೆ ನಿಜವಾಗಿಯೂ ಹೆಮ್ಮೆಯಾಯಿತು. ಅಷ್ಟರಲ್ಲಿ ಎದುರಿನ ಕಟ್ಟೆಯ ಮೇಲೆ ಕೂತ ಅವ್ವ ಕಂಡಳು. ಅವಳ ದೃಷ್ಟಿ ನನ್ನ ಮುಖದ ಮೇಲಿರಲಿಲ್ಲ, ಬೂಟಿನ ಮೇಲಿತ್ತು.

ಬೂಟು ಬಿಚ್ಚಿ, ಬೆವರಿನಲ್ಲಿ ತೊಯ್ದ ಕಾಲುಚೀಲವನ್ನು ಎಳೆದು, ಎಲ್ಲರೆದುರು ಕಣ್ಣಿಗೊತ್ತಿಕೊಂಡೆ. ನಾರುವುದಿಲ್ಲ ಎಂದು ಕೊಟ್ರೇಶಿ ಹೇಳಿದ್ದು ಅವನ ಕಾಲಿನ ವಿಷಯವಿರಬೇಕು. ನನ್ನ ಎರಡೂ ಕಣ್ಣಲ್ಲಿ ನೀರು ತುಂಬಿ ಬಂತು.

“ನನ್ನ ಮಗಗ ಭಕ್ತಿ ಇನ್ನಾ ಐತಿ ನೋಡ್ರಿ,” ಎಂದು ಅವ್ವ ಪಕ್ಕದವರಿಗೆ ಹೇಳುತ್ತ ತನ್ನ ಕಣ್ಣನ್ನೂ ಒರೆಸಿಕೊಂಡಳು. ನಾನು ಉಸಿರು ಬಿಗಿಹಿಡಿದು ಇನ್ನೊಂದು ಬೂಟಿಗೆ ಕೈಹಾಕಿದೆ.