ಜ್ಯೇಷ್ಠತೆಯ ಪ್ರಕಾರ ಇಪ್ಪತ್ನಾಲ್ಕು ಪದಗಳು

ತೂಕ ಮತ್ತು ಅಳತೆ ಕಚೇರಿಯ ನೌಕರರ ಕ್ಷೇಮನಿಧಿಯನ್ನು ಇನ್ನು ಮುಂದೆ ಹೆಬ್ಬೆರಳು ಗಾತ್ರದ ಒಂದು ಪೆಟ್ಟಿಗೆಯಲ್ಲಿ ಇಡತಕ್ಕದ್ದೆಂದು ಸರ್ವಾನುಮತದಿಂದ ತೀರ್ಮಾನಿಸಲಾಯಿತು. ನಿಧಿ ಅಷ್ಟರಲ್ಲಾಗಲೇ ಕ್ರಿಪ್ಟೋ ನಾಣ್ಯವಾಗಿತ್ತು. ಹೇಗಾಯಿತೆಂದು ಕೇಳಿದವರನ್ನು ಭತ್ಯೆಸಹಿತ ಉಪಸಮಿತಿಗೆ ನೇಮಿಸಿದ್ದರಿಂದ ಆಮೇಲೆ ಯಾರೂ ಕೇಳಲಿಲ್ಲ. ಪೆಟ್ಟಿಗೆಯ ಹೆಸರು ಹಾರ್ಡ್‌ವೇರ್ ವಾಲೆಟ್. ನಡಾವಳಿ ಬರೆಯುವ ಗುಮಾಸ್ತ ನಾನೇ ಆದ್ದರಿಂದ ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ.

ಜೊತೆಗೆ ಬಂದ ಪುಸ್ತಿಕೆಯನ್ನು ಅಕ್ಷರಶಃ ಪಾಲಿಸಿದೆವು. ಮೊಹರು ಒಡೆದಿಲ್ಲವೆಂದು ಖಚಿತಪಡಿಸಿಕೊಳ್ಳಿ ಎಂದಿತ್ತು. ಒಳಗೇನಿದೆ ಎಂದು ತಿಳಿಯದೆ ಮೊಹರಿನ ಬಗ್ಗೆ ಖಚಿತವಾಗಿ ಹೇಳುವುದಾದರೂ ಹೇಗೆ? ಒಡೆದು ನೋಡಿ, ಒಡೆದಿರಲಿಲ್ಲವೆಂದು ಮೂರು ಪ್ರತಿಗಳಲ್ಲಿ ದೃಢೀಕರಿಸಿದೆವು.

ಮುಂದಿನದೇ ಮುಖ್ಯ. ಪೆಟ್ಟಿಗೆ ತನ್ನ ಪುಟ್ಟ ಪರದೆಯಲ್ಲಿ ಇಪ್ಪತ್ನಾಲ್ಕು ಪದಗಳನ್ನು ಒಂದಾದ ಮೇಲೊಂದು ತೋರಿಸುತ್ತದೆ. ಪೆಟ್ಟಿಗೆ ಕೆಟ್ಟರೂ ಕಳೆದರೂ ಆ ಪದಗಳನ್ನು ಅದೇ ಕ್ರಮದಲ್ಲಿ ಒತ್ತಿದರೆ ನಿಧಿ ವಾಪಸ್ಸು. ಕ್ರಮ ತಪ್ಪಿದರೆ ಇಲ್ಲ. ಫೋಟೋ ತೆಗೆಯಬಾರದು, ಕಂಪ್ಯೂಟರಿಗೆ ಹಾಕಬಾರದು, ಇನ್ನೊಬ್ಬರಿಗೆ ತಿಳಿಸಬಾರದು. ನಮ್ಮಲ್ಲಿ ನೌಕರರೂ ಸರಿಯಾಗಿ ಇಪ್ಪತ್ನಾಲ್ಕು. ತಲೆಗೊಂದು ಪದ, ಪದಕ್ಕೊಂದು ಭತ್ಯೆ ಎಂದು ಆದೇಶವಾಯಿತು. ಭತ್ಯೆ ಅಕ್ಷರಕ್ಕಿಷ್ಟು ಎಂದಿದ್ದರಿಂದ ‘ಏಣಿ’ ಸಿಕ್ಕ ಬೆರಳಚ್ಚುಗಾರರು ತಮಗೆ ಅನ್ಯಾಯವಾಗಿದೆಯೆಂದು ಮನವಿಪತ್ರ ಕೊಟ್ಟರು. ಅದನ್ನು ಗೌಪ್ಯವೆಂದು ಬರೆದು ಸೂಚನಾ ಫಲಕಕ್ಕೆ ಹಚ್ಚಲಾಯಿತು.

ಪದ ನೋಡಲು ಒಬ್ಬೊಬ್ಬರೇ ಕೋಣೆಯೊಳಗೆ ಹೋದರು. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಒಳಹೋದವರ ಸಹಿಯನ್ನು ವಹಿಯಲ್ಲಿ ಪಡೆದದ್ದು ದಾಖಲೆ ಕೋಣೆಯ ಕಡತದಕ್ಕ. ಕೋಣೆ ಗುಡಿಸುತ್ತ ಆಗಲೇ ಒಳಗಿದ್ದ ಪೊರಕೆಯಣ್ಣನಿಗೆ ಮೊದಲ ಪದ ಸಿಕ್ಕಿತು: ‘ಹುಲಿ’. ಚಹಾ ಮುಗಿಸಿ ಎಲ್ಲರಿಗಿಂತ ಕೊನೆಗೆ ಬಂದ ನಿರ್ದೇಶಕ ಸಾಹೇಬರಿಗೆ ಇಪ್ಪತ್ನಾಲ್ಕನೆಯದು: ‘ಬಾತುಕೋಳಿ’.

ಕಡತದಕ್ಕನಿಗೆ ಆ ತಿಂಗಳ ಕೊನೆಗೆ ನಿವೃತ್ತಿ. ಮೂವತ್ತೊಂದು ವರ್ಷ ಕ್ಷೇಮನಿಧಿಗೆ ಕಟ್ಟಿದ ಗಂಟು ಕೈಸೇರಿದರೆ ತಂಗಿಯ ಜೊತೆಗೂಡಿ ಹೂಗಿಡಗಳ ನರ್ಸರಿ ಇಡುವ ಆಸೆ. ನಲವತ್ತು ಕುಂಡಗಳನ್ನು ಮುಂಗಡವಾಗಿಯೇ ಕೊಂಡು ಮನೆಯ ಮೆಟ್ಟಿಲಿನುದ್ದಕ್ಕೂ ಜೋಡಿಸಿಟ್ಟಿದ್ದರು. ಅವರ ಮನೆಯವರು ಮಹಡಿ ಹತ್ತುತ್ತಿದ್ದದ್ದು ಅಡ್ಡಡ್ಡವಾಗಿ. ನಿಧಿ ಹಾಕುವ ಮೊದಲು ಪೆಟ್ಟಿಗೆಯನ್ನು ಒಂದು ಸಲ ಅಳಿಸಿ, ಪದಗಳಿಂದ ಮತ್ತೆ ತೆರೆಯುತ್ತದೋ ನೋಡೋಣವೆಂದು ಅವರು ಬೇಡಿಕೊಂಡರು. ಪುಸ್ತಿಕೆಯಲ್ಲೂ ಹಾಗೇ ಇತ್ತು. ಪರೀಕ್ಷೆ ಮಾಡುವುದೆಂದರೆ ಸಿಬ್ಬಂದಿಯನ್ನು ಅನುಮಾನಿಸಿದಂತೆ ಎಂದು ಸಾಹೇಬರು ನೊಂದುಕೊಂಡರು. ನಿಧಿ ಒಳಗೆ ಹೋಯಿತು.

ಸಾಹೇಬರು ಬಾತುಕೋಳಿಯನ್ನು ಸಹಿಸಿದರು. ಇಪ್ಪತ್ನಾಲ್ಕನೆಯ ಸ್ಥಾನವನ್ನು ಸಹಿಸಲಿಲ್ಲ. ಮರುದಿನವೇ ಸುತ್ತೋಲೆ ಬಂತು: ‘ಗುಪ್ತಪದಗಳ ಕ್ರಮವನ್ನು ಆಯಾ ನೌಕರರ ಜ್ಯೇಷ್ಠತೆಯ ಪ್ರಕಾರ ಇದ್ದಂತೆ ಭಾವಿಸತಕ್ಕದ್ದು.’ ನಾವು ಭಾವಿಸಿದೆವು.

ಪೆಟ್ಟಿಗೆಯನ್ನು ಮಾಮೂಲಾಗಿ ತೆರೆಯುವ ಗುಪ್ತಸಂಖ್ಯೆ ಮುಚ್ಚಿದ ಲಕೋಟೆಯಲ್ಲಿತ್ತು. ಲಕೋಟೆ ತೆರೆಯಲು ಮೂವರು ಅಧಿಕಾರಿಗಳ ಸಹಿ ಬೇಕು. ಕಡತದಕ್ಕನ ಹಣ ಕೊಡುವ ದಿನ ಸಹಿಗೆ ತಡವಾಗುತ್ತದೆಂದು ಆ ಮೂವರೂ ತಮ್ಮ ತಮ್ಮ ಸ್ಕೂಟರಿನ ನಂಬರು ಒತ್ತಿ ನೋಡಿದರು. ಮೂರು ಸಲ ತಪ್ಪಿದರೆ ಎಲ್ಲ ಅಳಿಸತಕ್ಕದ್ದೆಂದು ಪುಸ್ತಿಕೆಯಲ್ಲಿತ್ತು. ಪೆಟ್ಟಿಗೆ ಅಳಿಸಿತು. ನಮ್ಮ ಕಚೇರಿಯಲ್ಲಿ ನಿಯಮವನ್ನು ಪೂರ್ತಿ ಓದಿಕೊಂಡಿದ್ದದ್ದು ಅದೊಂದೇ.

ಕೂಡಲೇ ಇಪ್ಪತ್ನಾಲ್ಕು ಜನ ಜ್ಯೇಷ್ಠತೆಯಂತೆ ಸಾಲುಗಟ್ಟಿದೆವು. ಬಾತುಕೋಳಿಯಿಂದ ಶುರುವಾಗಿ ಹುಲಿಯಲ್ಲಿ ಮುಗಿಯಿತು. ಪದಗಳು ಸರಿಯಿಲ್ಲ ಎಂದಿತು ಪರದೆ. ಕಡತದಕ್ಕನಿಗೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಜ್ಯೇಷ್ಠತೆಯನ್ನು ಮಾನ್ಯ ಮಾಡದ ಪೆಟ್ಟಿಗೆಗೆ ಏಳು ದಿನದೊಳಗೆ ಸಮಜಾಯಿಷಿ ಕೇಳಿ ನೋಟಿಸು ಹೋಯಿತು. ಉತ್ತರ ಬರದ ಕಾರಣ ಅದನ್ನು ಅಮಾನತಿನಲ್ಲಿಟ್ಟು, ನಿಯಮದಂತೆ ದಿನಕ್ಕೆ ಅರ್ಧ ಚಾರ್ಜು ಮಾತ್ರ ಕೊಡಲಾಯಿತು.

ನಿವೃತ್ತಿಗೆ ಎರಡು ದಿನವಿರುವಾಗ ಕಡತದಕ್ಕ ವಹಿ ಹಿಡಿದು ಸಾಹೇಬರ ಮುಂದೆ ನಿಂತರು.

“ಯಾರಾದ್ಮೇಲೆ ಯಾರು ಒಳಗೆ ಹೋದ್ರು ಅಂತ ಇದರಲ್ಲಿದೆ ಸಾರ್. ಆ ಸಾಲಲ್ಲಿ ನಿಂತ್ರೆ ತೆರ್ಕೊಳ್ಳುತ್ತೆ.”

“ಪೆಟ್ಟಿಗೆ ತೆರ್ಕೊಳ್ಳುತ್ತಮ್ಮ, ಕಚೇರಿ ಮುಚ್ಚಿಹೋಗುತ್ತೆ. ನಾನು ಪೊರಕೆಯಣ್ಣನ ಹಿಂದೆ ನಿಲ್ಲೋಕಾಗುತ್ತಾ?”

“ಹಿರಿಯರ ಹಿಂದೆ ನಿಂತ್ರೆ ಅವಮಾನ ಏನಿದೆ ಸಾರ್? ಅವನನ್ನೇ ಹಿರಿಯನ್ನ ಮಾಡಿ.”

ಸಾಹೇಬರು ಚಾಪೆಯ ಕೆಳಗೆ ತೂರಿದರೆ ಕಡತದಕ್ಕ ರಂಗೋಲಿಯ ಕೆಳಗೆ ತೂರುವವರು. ಮೂವತ್ತೊಂದು ವರ್ಷ ಕಡತ ತಿರುವಿದ ಕೈ ಅದು. ಪದಗಳು ಜ್ಯೇಷ್ಠತೆಯನ್ನು ಅನುಸರಿಸದಿದ್ದರೆ ಜ್ಯೇಷ್ಠತೆ ಪದಗಳನ್ನು ಅನುಸರಿಸಬಾರದೆಂದು ಯಾವ ನಿಯಮದಲ್ಲೂ ಇರಲಿಲ್ಲ. ಸಾಹೇಬರು ಎಲ್ಲ ನಿಯಮಗಳನ್ನು ಹುಡುಕಿಸಿದರು, ಸಿಗಲಿಲ್ಲ. ಸಂಜೆಯೊಳಗೆ ಹೊಸ ಜ್ಯೇಷ್ಠತಾ ಪಟ್ಟಿ ಹೊರಟಿತು. ಪೊರಕೆಯಣ್ಣ ಪ್ರಭಾರ ನಿರ್ದೇಶಕ; ಸಾಹೇಬರು ಪಟ್ಟಿಯ ತಳದಲ್ಲಿ, ಪೊರಕೆಯಣ್ಣನಿಂದ ಖಾಲಿಯಾದ ಹುದ್ದೆಗೆ.

ಹುಲಿ ಮೊದಲಾಗಿ ಬಾತುಕೋಳಿ ಕೊನೆಯಾಗಿ ಒತ್ತಿದೆವು. ಪೆಟ್ಟಿಗೆ ತೆರೆಯಿತು. ಸುಳ್ಳೇಕೆ, ನಾನು ಮೇಜಿನ ಪಕ್ಕದಲ್ಲಿ ಎರಡು ಹೆಜ್ಜೆ ಕುಣಿದೆ, ಏಣಿಯವರೂ ಕುಣಿದರು. ಕಡತದಕ್ಕ ಮಾತ್ರ ಪರದೆಯನ್ನು ಎರಡು ಸಲ ಓದಿ, ಕಣ್ಣೊರೆಸಿಕೊಂಡು, ವಹಿಯಲ್ಲಿ ಸಮಯ ಬರೆದರು.

ಪಟ್ಟಿಯನ್ನು ಮತ್ತೆ ಹಿಂದಿನಂತೆ ಮಾಡಲು ಸಾಹೇಬರು ಅರ್ಜಿ ಹಾಕಿದರು. ನಿಧಿಯ ಭದ್ರತೆ ಈ ಪಟ್ಟಿಯ ಮೇಲೆಯೇ ನಿಂತಿರುವುದರಿಂದ ಅದನ್ನು ಮುಟ್ಟುವಂತಿಲ್ಲವೆಂದು ಪ್ರಭಾರ ನಿರ್ದೇಶಕರು ವಿಷಾದದಿಂದ ತಿರಸ್ಕರಿಸಿದರು. ಅರ್ಜಿಯ ಮೇಲಿನ ಧೂಳನ್ನು ಅಭ್ಯಾಸಬಲದಿಂದ ಅವರೇ ಒರೆಸಿದರು.

ಕಡತದಕ್ಕ ತಮ್ಮ ಪದವನ್ನು ಮುಂದಿನವರಿಗೆ ವಹಿಸಿಕೊಟ್ಟು, ಹಣದೊಂದಿಗೆ ನಿವೃತ್ತರಾದರು. ಕುಂಡಗಳನ್ನು ಮೆಟ್ಟಿಲಿಂದ ಇಳಿಸಿಕೊಡಲು ಕಚೇರಿಯ ಅತಿ ಕಿರಿಯ ನೌಕರರನ್ನು ಕಳುಹಿಸಲಾಯಿತು. ಸಾಹೇಬರು ನಲವತ್ತನ್ನೂ ಒಬ್ಬರೇ ಇಳಿಸಿದರು. ಒಡೆದದ್ದು ಒಂದೇ ಒಂದು. ಇನ್ನೂ ಪ್ರೊಬೇಷನ್ ಅವಧಿಯಾದ್ದರಿಂದ ಎಚ್ಚರಿಕೆ ಕೊಟ್ಟು ಬಿಡಲಾಗಿದೆ.