ವರನ ಹೆಸರು ಐಚ್ಛಿಕ

ಹತ್ತನೇ ತರಗತಿಯ ಮಕ್ಕಳಿಗೆ ಇಂಗ್ಲಿಷಿನಲ್ಲಿ ಯಾರನ್ನೂ ಮನೆಗೆ ಕರೆಯಲು ಬರುವುದಿಲ್ಲ ಎಂಬ ಗಂಭೀರ ಸಂಗತಿಯು ಕಳೆದ ವರ್ಷದ ಜೂನ್ ತಿಂಗಳಲ್ಲಿ ಅಧಿಕೃತವಾಗಿ ಗಮನಕ್ಕೆ ಬಂದಿತು. ಕನ್ನಡದಲ್ಲಿ ಕರೆಯಲು ಅವರಿಗೆ ಯಾವ ತೊಂದರೆಯೂ ಇರಲಿಲ್ಲ. ಊಟದ ಹೊತ್ತಿಗೆ ಮನೆ ಮುಂದೆ ಹಾದುಹೋಗುವ ಅಪರಿಚಿತರನ್ನೂ “ಬರ್ರಿ, ಉಣ್ಣಬರ್ರಿ” ಎಂದು ಕರೆಯುತ್ತಿದ್ದರು. ಆದರೆ ಅದಕ್ಕೆ ಅಂಕಗಳಿರಲಿಲ್ಲ. ಈ ಕೊರತೆಯನ್ನು ನೀಗಿಸಲು ರಾಯಚೂರಿನಲ್ಲಿ ‘ಆತ್ಮೀಯ ಪತ್ರ ಉಸ್ತುವಾರಿ ಕೋಶ’ ಎಂಬ ಹೊಸ ಕಚೇರಿಯನ್ನು ತೆರೆಯಲಾಯಿತು. ಕೋಶಕ್ಕೆ ಎರಡು ಕೋಣೆ, ಒಂದು ಜೀಪು, ಒಂಬತ್ತು ಜನ ಸಿಬ್ಬಂದಿ ಮತ್ತು ಒಂದು ಮೊಹರು ಮಂಜೂರಾದವು. ಮೊಹರಿನಲ್ಲಿ ನಡುವಿನ ಅಕ್ಷರ ಸರಿಯಾಗಿ ಮೂಡದೆ ‘ಆಯ ಪತ್ರ ಉಸ್ತುವಾರಿ ಕೋಶ’ ಎಂದು ಬೀಳುತ್ತಿತ್ತು. ಯಾರೂ ಆಕ್ಷೇಪಿಸಲಿಲ್ಲ.

ಕೋಶದ ಮೊದಲ ಸುತ್ತೋಲೆ ಹೀಗಿತ್ತು: “ಆಮಂತ್ರಣ ಪತ್ರವನ್ನು ಬರೆದರೆ ಸಾಲದು, ಅಂಚೆಗೆ ಹಾಕತಕ್ಕದ್ದು. ಸ್ನೇಹಿತರ ವಿಳಾಸ ಗೊತ್ತಿಲ್ಲದ ವಿದ್ಯಾರ್ಥಿಗಳು ಈ ಕೋಶವನ್ನೇ ಸ್ನೇಹಿತನೆಂದು ಭಾವಿಸತಕ್ಕದ್ದು.”

ಶೇಖರ ಮಾನ್ವಿಯವನು. ದಿನಾ ಬೆಳಿಗ್ಗೆ ಚೀಕಲಪರ್ವಿ ಕಡೆಯ ಬಸ್ಸು ಹಿಡಿದು, ಹೊಳೆದಂಡೆಯ ಹಳ್ಳಿಯೊಂದರ ಸರ್ಕಾರಿ ಪ್ರೌಢಶಾಲೆಗೆ ಇಂಗ್ಲಿಷ್ ಕಲಿಸಲು ಹೋಗುತ್ತಿದ್ದ. ತಾಯಿ ಬಸ್ಸಮ್ಮ ಕಂಡವರ ಗದ್ದೆಯಲ್ಲಿ ಭತ್ತ ನಾಟಿ ಮಾಡಿ ಇಬ್ಬರು ಮಕ್ಕಳನ್ನು ಓದಿಸಿದ್ದಳು. ಹಿರಿಯಳು ಕಲ್ಯಾಣಿ, ದೇವದುರ್ಗದ ಆಸ್ಪತ್ರೆಯೊಂದರಲ್ಲಿ ನರ್ಸು. ಕಿರಿಯವನೇ ಶೇಖರ. ನೌಕರಿಗೆ ಸೇರಿ ಎರಡು ವರ್ಷವಾಗುತ್ತ ಬಂದಿತ್ತು. ಡಿಸೆಂಬರ್ ಕೊನೆಗೆ ಪ್ರೊಬೇಷನ್ ಮುಗಿಯಬೇಕು. ಅಲ್ಲಿಯವರೆಗೆ ಯಾವ ಕಾಗದದಲ್ಲೂ ತನ್ನ ಹೆಸರು ಬಾರದಿರಲಿ ಎಂಬುದೊಂದೇ ಅವನ ಪ್ರಾರ್ಥನೆ.

ಅಭ್ಯಾಸ ಪುಸ್ತಕದ ಮಾದರಿ ಪತ್ರದಲ್ಲಿ ಒಬ್ಬ ಹುಡುಗ ತನ್ನ ಗೆಳೆಯನನ್ನು ಅಕ್ಕನ ಮದುವೆಗೆ ಕರೆಯುತ್ತಾನೆ. ಅಕ್ಕನ ಹೆಸರಿನ ಜಾಗದಲ್ಲಿ ಗೆರೆ ಎಳೆದಿತ್ತು. ಮೊದಲ ಬೆಂಚಿನ ಮಿನಾಜ್ ಎದ್ದು ನಿಂತಳು.

“ಸರ್, ಗೆರಿ ಮ್ಯಾಲ ಯಾರ ಹೆಸರು ಬರೀಬೇಕ್ರಿ?”

“ನಿಮ್ಮಕ್ಕನ ಹೆಸರು ಬರಿಯವ್ವಾ.”

“ನನಗ ಅಕ್ಕ ಇಲ್ಲರೀ. ನಾನೇ ಅಕ್ಕ.”

“ಹಂಗಾದ್ರ ಯಾವುದಾರ ಒಂದು ಬರಿ.”

“ಯಾವುದಾರ ಅಂದ್ರ ಯಾವುದ್ರೀ? ತಪ್ಪು ಹೆಸರು ಬರದ್ರ ಮಾರ್ಕ್ಸ್ ಹೋಗ್ತಾವ.”

ಇಡೀ ತರಗತಿ ಪೆನ್ನು ಎತ್ತಿ ಕಾಯುತ್ತಿತ್ತು. ಶೇಖರನಿಗೆ ಗೊತ್ತಿದ್ದದ್ದು ಒಬ್ಬಳೇ ಅಕ್ಕ. ಹಲಗೆಯ ಮೇಲೆ ‘ಮೈ ಸಿಸ್ಟರ್ ಕಲ್ಯಾಣಿ’ ಎಂದು ಬರೆದ. ಪತ್ರದ ಒಡಲಿನಲ್ಲಿ ಐದು ವಾಕ್ಯ ಇರಲೇಬೇಕೆಂಬ ನಿಯಮವಿದ್ದುದರಿಂದ ಅವಳು ದೇವದುರ್ಗದಲ್ಲಿ ನರ್ಸು ಎಂಬುದನ್ನೂ ಸೇರಿಸಿದ. ಮದುವೆ ಡಿಸೆಂಬರ್ ಹನ್ನೆರಡಕ್ಕೆ, ನನ್ನ ಸ್ವಗೃಹದಲ್ಲಿ, ಕುಟುಂಬ ಸಮೇತ ತಪ್ಪದೆ ಬಾ, ನಾನು ಇಲ್ಲಿ ಕ್ಷೇಮ. ಐವತ್ತಮೂರು ಮಕ್ಕಳು ಒಂದು ಚುಕ್ಕೆಯೂ ಆಚೀಚೆಯಾಗದಂತೆ ನಕಲು ಮಾಡಿಕೊಂಡು, ಅದೇ ಸಂಜೆ ಕೋಶದ ವಿಳಾಸಕ್ಕೆ ಅಂಚೆಗೆ ಹಾಕಿದರು.

ಕೋಶದ ಅಧಿಕಾರಿ ಗುಲಾಮ್ ದಸ್ತಗೀರ್ ಅವರಿಗೆ ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ಸಭ್ಯ ಮನುಷ್ಯ. ಬಂದ ಕಾಗದವನ್ನು ಓದದೆ ಬದಿಗಿಟ್ಟವರಲ್ಲ. ಐವತ್ತಮೂರನ್ನೂ ತಾವೇ ಓದಿ, ಐವತ್ತಮೂರಕ್ಕೂ ಸಂಖ್ಯೆ ಕೊಡಿಸಿದರು. ಹದಿನೈದು ದಿನದ ನಂತರ ಶಾಲೆಗೆ, ಶೇಖರನ ಹೆಸರಿಗೆ, ನೋಟಿಸ್ ಬಂತು.

“ವಿಷಯ: ಕುಮಾರಿ ಕಲ್ಯಾಣಿ ಇವರ ಮದುವೆಯ ಬಗ್ಗೆ. ಸದರಿಯವರಿಗೆ ಒಂದೇ ತರಗತಿಯಲ್ಲಿ ಐವತ್ತಮೂರು ಮಂದಿ ಒಡಹುಟ್ಟಿದವರು ಇರುವುದಾಗಿಯೂ, ಸದರಿ ಮದುವೆಯು ಒಂದೇ ದಿನ ಐವತ್ತಮೂರು ಸ್ವಗೃಹಗಳಲ್ಲಿ ಜರುಗಲಿರುವುದಾಗಿಯೂ ಕಂಡುಬಂದಿರುತ್ತದೆ. ಮದುವೆ ನಿಜವಾಗಿದ್ದಲ್ಲಿ ಅತಿಥಿಗಳಿಗೆ ಮಾಡಿರುವ ವ್ಯವಸ್ಥೆಯ ವಿವರವನ್ನು, ಸುಳ್ಳಾಗಿದ್ದಲ್ಲಿ ಸರ್ಕಾರಿ ಕಡತಕ್ಕೆ ಸುಳ್ಳು ಮದುವೆ ಸೇರಿಸಿದ ಕಾರಣಕ್ಕಾಗಿ ತಮ್ಮ ಪ್ರೊಬೇಷನ್ ಅವಧಿಯನ್ನು ಏಕೆ ವಿಸ್ತರಿಸಬಾರದು ಎಂಬ ಸಮಜಾಯಿಷಿಯನ್ನು ಸಲ್ಲಿಸತಕ್ಕದ್ದು. ಪ್ರತಿ: ಕುಮಾರಿ ಕಲ್ಯಾಣಿ, ವಧು, ದೇವದುರ್ಗ, ಮಾಹಿತಿಗಾಗಿ.”

ಮುಖ್ಯೋಪಾಧ್ಯಾಯಿನಿ ಯಶೋಧಾ ನೋಟಿಸನ್ನು ಎರಡು ಸಲ ಓದಿ, ಕನ್ನಡಕ ತೆಗೆದರು.

“ಅಕ್ಕನ ಮದುವಿ ಇಟ್ಕೊಂಡು ನನಗೊಂದು ಮಾತು ಹೇಳಲಿಲ್ಲಲ್ರೀ ಶೇಖರ್ ಸರ್.”

“ಮದುವಿ ಇಲ್ಲ ಮೇಡಂ. ಅದು ಪಾಠ.”

“ಇಲ್ಲ ಅಂತ ಬಾಯಿಲೆ ಅನ್ನಬ್ಯಾಡ್ರಿ. ಕಾಗದದಾಗ ಅದ.”

ಶೇಖರನಿಗೆ ಪ್ರೊಬೇಷನ್ನಿಗಿಂತ ಕೊನೆಯ ಸಾಲಿನದೇ ಭಯ. ಮರುದಿನ ರಜೆ ಹಾಕಿ ದೇವದುರ್ಗಕ್ಕೆ ಹೋದ. ಕಲ್ಯಾಣಿ ವಾರ್ಡಿನ ವರಾಂಡದಲ್ಲಿ ಸಿಕ್ಕಳು. ನೋಟಿಸು ಅವಳ ಕೋಟಿನ ಜೇಬಿನಲ್ಲಿತ್ತು.

“ನನ್ನ ಮದುವಿ ಸುದ್ದಿ ನನಗ ಸ್ಪೀಡ್ ಪೋಸ್ಟಿನಾಗ ಬಂತು,” ಎಂದಳು. “ಸಹಿ ಮಾಡಿ ತಗೊಂಡೀನಿ.”

“ತಪ್ಪಾತಕ್ಕ. ಹುಡುಗರು ಹೆಸರು ಕೇಳಿದ್ರು. ನಿನ್ನ ಹೆಸರು ಬಿಟ್ಟು ಬ್ಯಾರೆ ಹೊಳೀಲಿಲ್ಲ.”

“ಹುಡುಗ ಯಾರು?”

“ಹುಡುಗ ಇಲ್ಲ. ಪುಸ್ತಕದಾಗ ಅವನ ಸುದ್ದೀನೇ ಇಲ್ಲ.”

ಕಲ್ಯಾಣಿ ನೋಟಿಸನ್ನು ಜೇಬಿನಿಂದ ತೆಗೆದು ಮತ್ತೊಮ್ಮೆ ಓದಿದಳು. ನಾಲ್ಕು ವರ್ಷದಲ್ಲಿ ಹನ್ನೊಂದು ಮನೆಯವರು ಅವಳನ್ನು ನೋಡಿ ಹೋಗಿದ್ದರು. ಹನ್ನೊಂದು ಸಲವೂ ಮಂಡಕ್ಕಿ ಸುಸಲಾ ಮಾಡಿ, ಮಿರ್ಚಿ ಕರಿದು, ತಟ್ಟೆ ಹಿಡಿದು ನಿಂತಿದ್ದಳು. ಒಬ್ಬರಿಗೆ ರಾತ್ರಿ ಪಾಳಿ ಬೇಡವಾಗಿತ್ತು, ಒಬ್ಬರಿಗೆ ಬಣ್ಣ ಸಾಲದಾಗಿತ್ತು. ಒಬ್ಬ ಹುಡುಗನಂತೂ ತನ್ನ ತಾಯಿಯ ಬಿ.ಪಿ. ನೋಡಿಸಿಕೊಂಡು, ಮಾತ್ರೆ ಬರೆಸಿಕೊಂಡು ಹೋದವನು ಮತ್ತೆ ಬಂದಿರಲಿಲ್ಲ.

“ಹುಡುಗ ಇಲ್ಲದ ಸಂಬಂಧ ಇಲ್ಲಿತನ ಯಾರೂ ತಂದಿದ್ದಿಲ್ಲ,” ಎಂದಳು ಕೊನೆಗೆ. “ಸ್ವಲ್ಪ ವಿಚಾರ ಮಾಡಾಣು.”

ಶೇಖರ ತಾನು ಬರೆದದ್ದು ಕೇವಲ ಅಭ್ಯಾಸವೆಂದು ವಿವರಿಸಿ ಸಮಜಾಯಿಷಿ ಕಳಿಸಿದ. ವಾರದೊಳಗೆ ಅದು ಟಿಪ್ಪಣಿಯೊಂದಿಗೆ ವಾಪಸಾಯಿತು: “ಆತ್ಮೀಯ ಪತ್ರದ ವಿಷಯದಲ್ಲಿ ‘ಮಾನ್ಯರೆ’ ಎಂದು ಸಂಬೋಧಿಸಿರುವುದು ಕೋಶದ ಆಶಯಕ್ಕೆ ವಿರುದ್ಧವಾಗಿದೆ. ಆತ್ಮೀಯವಾಗಿ ಬರೆದು, ಮೂರು ಪ್ರತಿಗಳಲ್ಲಿ, ಸೂಕ್ತ ಮಾರ್ಗದ ಮೂಲಕ ಸಲ್ಲಿಸುವುದು.”

ಶೇಖರ ಅರ್ಧ ದಿನ ಬಿಳಿ ಹಾಳೆಯ ಮುಂದೆ ಕುಳಿತು ಬೆವರಿದ. ಆಮೇಲೆ ಬರೆದ: “ಪ್ರೀತಿಯ ದಸ್ತಗೀರ್, ನಾನು ಇಲ್ಲಿ ಕ್ಷೇಮ. ನೀನೂ ಅಲ್ಲಿ ಕ್ಷೇಮವೆಂದು ನಂಬಿದ್ದೇನೆ. ನಿನ್ನ ನೋಟಿಸು ತಲುಪಿ ಬಹಳ ಸಂತೋಷವಾಯಿತು. ದಯಮಾಡಿ ನನ್ನ ಪ್ರೊಬೇಷನ್ ವಿಸ್ತರಿಸಬೇಡ. ಮನೆಯವರಿಗೆಲ್ಲ ನನ್ನ ನೆನಪು ಹೇಳು.” ಯಶೋಧಾ ಮೇಡಂ ಕೆಳಗೆ ಷರಾ ಬರೆದರು: “ಸದರಿ ಪ್ರೀತಿಯನ್ನು ಪರಿಶೀಲಿಸಲಾಗಿದೆ. ಶಿಫಾರಸು ಮಾಡಿದೆ.”

ಈ ಪತ್ರ ಮುಟ್ಟಿದ ಮೂರನೇ ದಿನ ರಾಯಚೂರಿಗೆ ಬರಲು ಕರೆ ಬಂತು. ಶೇಖರ ಹೋದಾಗ ದಸ್ತಗೀರ್ ಸಾಹೇಬರು ಎದ್ದು ನಿಂತು ಕುರ್ಚಿ ಎಳೆದುಕೊಟ್ಟರು.

“ಬರ್ರಿ ಮಾಸ್ತರ್, ಕುಂದರ್ರಿ. ಮೂವತ್ತಾರು ವರ್ಷ ಸರ್ವಿಸ್ ಆತು. ನನಗ ‘ಪ್ರೀತಿಯ’ ಅಂತ ಒಬ್ರೂ ಬರ್ದಿಲ್ಲ. ನಮ್ಮ ಮನ್ಯಾಗಿನವ್ರು ಸುದ್ದಾ ‘ಬರೋಮುಂದ ಕೊತ್ತಂಬ್ರಿ ತರ್ರಿ’ ಅಂತ ಮೆಸೇಜ್ ಹಾಕ್ತಾರ, ಅಷ್ಟ.”

“ಹಂಗಾದ್ರ ಇದನ್ನ ಇಲ್ಲಿಗೇ ಮುಗಸ್ರಿ ಸಾಹೇಬ್ರ.”

“ಹೆಂಗ ಮುಗಸ್ಲಿ? ಕಾಗದ ಐವತ್ತಮೂರು ಅದಾವ. ಅವೆಲ್ಲಾ ಸುಳ್ಳು ಅಂದ್ರ ಅವನ್ನ ಓದಿದ ಆಫೀಸೂ ಸುಳ್ಳಾತು. ಜಿಲ್ಲಾದಾಗ ನಮಗ ಬಂದಿದ್ದು ನಿಮ್ಮ ಮಕ್ಕಳ ಕಾಗದ ಅಷ್ಟ. ಉಳಿದ ಸಾಲಿಯವ್ರು ಗೆಳ್ಯಾರ ವಿಳಾಸ ಹುಡುಕ್ಯಾಡಾಕತ್ಯಾರ. ಈ ಮದುವಿ ಇಲ್ಲಂದ್ರ ಒಂಬತ್ತು ಮಂದಿಗೆ ಮಾಡಾಕ ಕೆಲಸ ಇಲ್ಲ.”

“ವರ ಇಲ್ಲರೀ ಸಾಹೇಬ್ರ.”

ದಸ್ತಗೀರ್ ಸಾಹೇಬರು ಮೌಲ್ಯಮಾಪನದ ಪುಸ್ತಕ ತೆಗೆದು, ಬೆರಳಿಟ್ಟು ಓದಿದರು. “ಆಮಂತ್ರಣ ಪತ್ರಕ್ಕ ಐದು ಅಂಕ. ವಿಳಾಸಕ್ಕ ಒಂದು, ತಾರೀಕಿಗೆ ಅರ್ಧ, ಡಿಯರ್‌ಗೆ ಅರ್ಧ, ಒಡಲಿಗೆ ಎರಡು, ಸಹಿಗೆ ಒಂದು. ಒಟ್ಟು ಐದು. ನೋಡ್ರಿ, ವರನಿಗೆ ಅಂಕ ಇಲ್ಲ. ಅಂಕ ಇಲ್ಲದ್ದು ಕಡ್ಡಾಯ ಅಲ್ಲ.” ಅಲ್ಲೇ ಕುಳಿತು ಆದೇಶ ಬರೆಸಿದರು: ವರನ ಹೆಸರು ಐಚ್ಛಿಕ, ಐವತ್ತಮೂರು ಸ್ವಗೃಹಗಳ ಬದಲು ಮದುವೆಯನ್ನು ಶಾಲೆಯ ಅಂಗಳದಲ್ಲಿ ಕ್ರೋಡೀಕರಿಸತಕ್ಕದ್ದು.

ಶೇಖರ ಆದೇಶದ ಫೋಟೋ ತೆಗೆದು ಅಕ್ಕನಿಗೆ ಕಳಿಸಿದ. ಸ್ವಲ್ಪ ಹೊತ್ತಿಗೆ ಉತ್ತರ ಬಂತು: “ಹನ್ನೆರಡಕ್ಕ ನನಗ ವಾರದ ರಜಾ ಅದ. ಬರ್ತೀನಿ.”

ಡಿಸೆಂಬರ್ ಹನ್ನೆರಡರಂದು ಅಂಗಳದಲ್ಲಿ ಶಾಮಿಯಾನ ಹಾಕಿತ್ತು. ಪತ್ರದಲ್ಲಿ ‘ಕುಟುಂಬ ಸಮೇತ’ ಎಂದಿದ್ದುದರಿಂದ ಕೋಶದ ಒಂಬತ್ತು ಜನ ಸಿಬ್ಬಂದಿ ಒಂದು ಜೀಪು, ಮೂರು ಕ್ರೂಸರ್ ತುಂಬಿ ಅರವತ್ತೊಂದು ಜನರಾಗಿ ಬಂದಿಳಿದರು. ಕೆಲವರು ಊಟ ಒಯ್ಯಲು ಖಾಲಿ ಡಬ್ಬಿಗಳನ್ನೂ ತಂದಿದ್ದರು. ಬಾರದವರ ಹಾಜರಾತಿಯನ್ನು ಡಬ್ಬಿಯ ಮೂಲಕ ದಾಖಲಿಸಬಹುದೆಂದು ಹಿಂದಿನ ದಿನವೇ ಸ್ಪಷ್ಟೀಕರಣ ಬಂದಿತ್ತು. ಅಂದಿನ ಬಿಸಿಯೂಟದ ಅನ್ನ-ಸಾಂಬಾರಿನ ಜೊತೆಗೆ ಊರವರು ಶೇಂಗಾ ಹೋಳಿಗೆ, ಬದನೆಕಾಯಿ ಪಲ್ಯ ಮಾಡಿ ತಂದಿದ್ದರು. ಮಕ್ಕಳು ಕರೆದದ್ದು, ಮರ್ಯಾದೆ ಹೋಗಬಾರದು ಎಂದು.

ಕಲ್ಯಾಣಿ ರಾತ್ರಿ ಪಾಳಿ ಮುಗಿಸಿ, ಹಸಿರು ಸೀರೆ ಉಟ್ಟು, ಹತ್ತು ಗಂಟೆಯ ಬಸ್ಸಿನಿಂದ ಇಳಿದಳು. ವೇದಿಕೆಯ ಮೇಲೆ ಎರಡು ಕುರ್ಚಿ ಹಾಕಿದ್ದರು. ಒಂದು ಖಾಲಿ ಇದ್ದರೆ ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲ ಎಂದು ದಸ್ತಗೀರ್ ಸಾಹೇಬರು ಅದರ ಮೇಲೆ ಐವತ್ತಮೂರು ಪತ್ರಗಳ ಕಡತವನ್ನು ಇಡಿಸಿದರು. ಮಿನಾಜ್ ಮೈಕು ಹಿಡಿದು, ಒಂದೂ ತಪ್ಪಿಲ್ಲದ ಇಂಗ್ಲಿಷಿನಲ್ಲಿ ಅತಿಥಿಗಳನ್ನು ಸ್ವಾಗತಿಸಿದಳು. ಐವತ್ತಮೂರು ಒಡಹುಟ್ಟಿದವರು ವಧುವಿನ ಕಡೆಯವರಾಗಿ ನಿಂತು ಅಕ್ಷತೆ ಹಾಕಿದರು. ಅರ್ಧ ಕಲ್ಯಾಣಿಯ ಮೇಲೆ ಬಿತ್ತು, ಅರ್ಧ ಕಡತದ ಮೇಲೆ. ಒಂದು ಹುಡುಗಿ ಓಡಿ ಬಂದು, “ಅಕ್ಕಾ, ನಿಮಗ ನಿದ್ದಿ ಬಂದದೇನ್ರಿ?” ಎಂದು ಕೇಳಿ ನೀರು ಕೊಟ್ಟಳು. ಹನ್ನೊಂದು ಮನೆಯವರಲ್ಲಿ ಯಾರೂ ಕೇಳದ ಮಾತು ಅದು. ಕಲ್ಯಾಣಿ ನೀರು ಕುಡಿದು, ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಮುಂದಿನ ಸಾಲಿನಲ್ಲಿ ಕುಳಿತ ಬಸ್ಸಮ್ಮ ಅದನ್ನು ಕಂಡು, ಮಗಳು ಗಂಡನ ಮನೆಗೆ ಹೊರಟಳೆಂದೇ ತಿಳಿದು ಜೋರಾಗಿ ಅತ್ತಳು.

ವರದಿ ತಯಾರಾಯಿತು. “ಆಹ್ವಾನಿತರ ಹಾಜರಾತಿ ನಿಗದಿಗಿಂತ ಹೆಚ್ಚು. ಪತ್ರದ ಉದ್ದೇಶ ಅತಿಥಿಗಳು ಬರುವುದೇ ಹೊರತು ಮದುವೆಯಾಗುವುದಲ್ಲವಾದ್ದರಿಂದ, ಕಲಿಕೆ ಸಂಪೂರ್ಣವಾಗಿರುತ್ತದೆ.” ಶೇಖರನ ಪ್ರೊಬೇಷನ್ ತೃಪ್ತಿಕರವೆಂದು ಘೋಷಣೆಯಾಯಿತು. ಆಸ್ಪತ್ರೆಯವರು ವರದಿಯ ಪ್ರತಿ ನೋಡಿ, ಡ್ಯೂಟಿ ಪಟ್ಟಿಯಲ್ಲಿ ಕಲ್ಯಾಣಿಯ ಹೆಸರಿಗೆ ಶ್ರೀಮತಿ ಎಂದು ಸೇರಿಸಿದರು. ಹೆಣ್ಣು ನೋಡಲು ಬರುವುದು ನಿಂತಿತು. ಭಾನುವಾರಗಳಲ್ಲಿ ಅವಳು ಮಧ್ಯಾಹ್ನದವರೆಗೆ ಮಲಗತೊಡಗಿದಳು. ಓಣಿಯವರು ಬಸ್ಸಮ್ಮನನ್ನು ಅಳಿಯ ಎಲ್ಲಿರುತ್ತಾನೆ ಎಂದು ಕೇಳಿದರು.

“ರಾಯಚೂರಾಗ, ಆಫೀಸಿನಾಗ,” ಎಂದಳು ಬಸ್ಸಮ್ಮ. ಕಡತ ಅಲ್ಲಿಯೇ ಇತ್ತು.

“ಸರ್ಕಾರಿ ಅಳಿಯ. ಪುಣ್ಯ ಮಾಡೀರಿ,” ಎಂದರು ಓಣಿಯವರು.

ಈ ವರ್ಷದ ಜೂನ್ ತಿಂಗಳಲ್ಲಿ ಕೋಶದಿಂದ ಹೊಸ ಸುತ್ತೋಲೆ ಬಂತು. ಹಿಂದಿನ ಸಾಲಿನ ಯಶಸ್ಸನ್ನು ಮುಂದುವರಿಸುವ ದೃಷ್ಟಿಯಿಂದ ಈ ಸಲ ಮಕ್ಕಳು ಅಕ್ಕನ ಮಗುವಿನ ನಾಮಕರಣಕ್ಕೆ ಗೆಳೆಯರನ್ನು ಕರೆಯತಕ್ಕದ್ದು. ಜೀಪು ಕಾಯ್ದಿರಿಸಬೇಕಾದ್ದರಿಂದ ಅಂದಾಜು ತಾರೀಕು, ಮಗು ಗಂಡೋ ಹೆಣ್ಣೋ ಎಂಬುದನ್ನು ಲಗತ್ತಿಸಿದ ನಮೂನೆಯಲ್ಲಿ ಹದಿನೈದು ದಿನ ಮುಂಚಿತವಾಗಿ ತಿಳಿಸತಕ್ಕದ್ದು.

ಭಾನುವಾರ ಮಾನ್ವಿಯ ಮನೆಯಲ್ಲಿ ಶೇಖರ ನಮೂನೆಯನ್ನು ಓದಿ ಹೇಳಿದ. ಬಸ್ಸಮ್ಮ ಆಗಲೇ ಹಳೆಯ ಮೆತ್ತನೆ ಸೀರೆಗಳನ್ನು ಟ್ರಂಕಿನಿಂದ ತೆಗೆದು, ಕೂಸಿಗೆ ಕೌದಿ ಹೊಲಿಯಲು ಹರಡಿಕೊಂಡಿದ್ದಳು. ಕಲ್ಯಾಣಿ ಆಗಷ್ಟೇ ಎದ್ದು ಬಂದು ರೊಟ್ಟಿ ಮುರಿಯುತ್ತಿದ್ದಳು.

“ಏನಂತ ಬರೀಲಕ್ಕ?”

“ಹೆಣ್ಣಂತ ಬರಿ,” ಎಂದಳು ಕಲ್ಯಾಣಿ. ಒಂದು ತುತ್ತು ಉಂಡು, ಚಟ್ನಿ ಹತ್ತಿರ ಎಳೆದುಕೊಂಡಳು. “ಅಕಿನ್ನ ನಾನ ಓದಸ್ತೀನಿ.”