ಕೋಟೆಯ ಗೋಡೆಗೆ ಬಣ್ಣ ಬಳಿದ ನನ್ನ ಸಾಡೊ

ಸಿಟ್ಟು ನನ್ನ ಸ್ವಭಾವವಲ್ಲ. ಮೆಲ್ಲಗೆ ಮಾತಾಡಬೇಕು, ಬಾಗಿಲನ್ನು ಸದ್ದಿಲ್ಲದೆ ಮುಚ್ಚಬೇಕು ಎಂದು ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದಾರೆ. ಆದರೂ ಐರ್ಲೆಂಡಿನಿಂದ ಮರಳಿದ ಮೇಲೆ ನಮ್ಮ ಮಸ್ಕತ್ ಮನೆಯ ಬಾಗಿಲುಗಳು ಧಡಾರೆಂದೇ ಮುಚ್ಚುತ್ತಿವೆ. ಕಾರಣ ತಿಳಿಸುವುದು ನನ್ನ ಕರ್ತವ್ಯ.

ನಮ್ಮ ಮದುವೆಗೆ ಇಪ್ಪತ್ತೈದು ವರ್ಷ ತುಂಬಿತೆಂದು ಮಗಳು ಐರ್ಲೆಂಡಿನ ಹಳೆಯ ಕೋಟೆಯೊಂದರಲ್ಲಿ ರೂಮು ಬುಕ್ ಮಾಡಿದಳು. ಒಂದು ಕಾಲಕ್ಕೆ ರಾಜರಿದ್ದ ಕೋಟೆ, ಈಗ ಭಾರೀ ಹೋಟೆಲು. ಊಟದ ಹಾಲಿಗೆ ಇಳಿಯಲು ಅಗಲವಾದ ಕಲ್ಲಿನ ಮೆಟ್ಟಿಲು. ಮದುವೆಯ ದಿನ ಗಂಡಿನ ಮನೆಯವರು ಕೊಟ್ಟ ಕೆಂಪು ಬನಾರಸಿ ಸೀರೆ, ನಮ್ಮವರ ಮಾತಿನಲ್ಲಿ ಸಾಡೊ, ಉಟ್ಟು ನಾನು ಆ ಮೆಟ್ಟಿಲು ಇಳಿಯಬೇಕು. ನನ್ನ ಆಸೆ ಅಷ್ಟೇ.

ಗೋಪುರದ ತುದಿಯ ನಮ್ಮ ರೂಮಿನಲ್ಲಿ ಪೆಟ್ಟಿಗೆ ತೆರೆದರೆ ಸೀರೆಯಿಂದ ಒಣ ಸಿಗಡಿ ಚಟ್ನಿಯ ಘಮ! ಮಸ್ಕತ್‌ನ ಘಾಲಾದಲ್ಲಿರುವ ಗೋದಾಮಿನಲ್ಲಿ ದಿನವಿಡೀ ಪ್ಯಾಕಿಂಗ್ ಮಾಡಿಸುವ ನನ್ನ ಗಂಡ ವಾಲ್ಟರ್, ಚಟ್ನಿಯ ಬಾಟಲಿಯನ್ನು ಸಾಡೊದ ಮಡಿಕೆಯೊಳಗೆ ಇಟ್ಟಿದ್ದರು.

"ಬಾಟಲಿಗೆ ಏನೂ ಆಗ್ಲಿಲ್ಲ ನೋಡು ಹಿಲ್ಡಾ," ಎಂದರು ಸಂತೋಷದಿಂದ.

ಮಸ್ಕತ್‌ನಲ್ಲಾದರೆ ಬಾಲ್ಕನಿಯಲ್ಲಿ ಹತ್ತು ನಿಮಿಷ ಹಾಕಿದರೆ ವಾಸನೆಯೂ ಹೋಗುತ್ತದೆ, ಸುಕ್ಕೂ ಹೋಗುತ್ತದೆ. ಮಳೆ ಎಂಬ ವಸ್ತುವನ್ನು ಲೆಕ್ಕಕ್ಕೆ ಹಿಡಿದು ಬಟ್ಟೆ ಒಣಗಿಸುವ ಅಭ್ಯಾಸ ನನಗೆ ತಪ್ಪಿ ಹದಿನೆಂಟು ವರ್ಷವಾಯಿತು. ಕಿಟಕಿ ತೆರೆದೆ. ಬಿಸಿಲಿತ್ತು. ಸೆರಗನ್ನು ಮಂಚದ ಕಂಬಕ್ಕೆ ಬಿಗಿದು ಉಳಿದ ಸೀರೆಯನ್ನು ಗೋಪುರದ ಹೊರಗೆ ಇಳಿಬಿಟ್ಟೆ. ಕೆಳಗಿಳಿದು ಚಹಾಕ್ಕೆ ಕೂತೆವು.

ಎರಡನೇ ಗುಟುಕಿಗೆ ಮಳೆ. ನನಗೆ ಸೀರೆಯ ನೆನಪೇ ಬರಲಿಲ್ಲ. ಟೀಪಾಟಿನ ಮುಚ್ಚಳಕ್ಕೆ ಕಟ್ಟಿದ್ದ ಸಣ್ಣ ರೇಷ್ಮೆ ದಾರವನ್ನು ನೋಡುತ್ತಿದ್ದೆ! ವಾಲ್ಟರ್ ಮಾತ್ರ, ಅಪರೂಪಕ್ಕೆ ಮಳೆ ಬಂದರೆ ಮಸ್ಕತ್‌ನಲ್ಲಿ ಎಲ್ಲರೂ ಮಾಡುವಂತೆ, ಫೋನು ಹಿಡಿದು ವಿಡಿಯೊ ತೆಗೆಯಲು ಹೊರಗೋಡಿದರು. ಒದ್ದೆಯಾಗಿ ಬಂದು ತೋರಿಸಿದರು.

"ಮೇಲೆ ಎಂಥದೋ ಬಾವುಟ ಹಾಕಿದ್ದಾರೆ ಮಾರಾಯ್ತಿ. ಚಂದ ಉಂಟು. ಫ್ಯಾಮಿಲಿ ಗ್ರೂಪಿಗೂ ಕಳಿಸಿದೆ."

ಬಾವುಟದ ಗುರುತು ನನಗೆ ಸಿಕ್ಕಿತು. ಹೊರಗೋಡಿದೆ.

ಇಪ್ಪತ್ತೈದು ವರ್ಷ ನೀರು ಕಾಣದ ರೇಷ್ಮೆ ತನ್ನ ಬಣ್ಣವನ್ನೆಲ್ಲ ಆ ಪುರಾತನ ಗೋಡೆಗೆ ಧಾರೆ ಎರೆದಿತ್ತು. ಬೂದು ಕಲ್ಲಿನ ಮೇಲೆ ಮೂರು ಮಹಡಿ ಉದ್ದದ ಕೆಂಪು ಗೆರೆಗಳು! ಅತಿಥಿಗಳು ಕೊಡೆ ಹಿಡಿದು ಫೋಟೊ ತೆಗೆಯುತ್ತಿದ್ದರು. ಮ್ಯಾನೇಜರ್ ಬಂದು, ಇದು ನಿಮ್ಮ ಕಡೆಯ ಯಾವುದಾದರೂ ಆಚರಣೆಯೇ ಎಂದು ಬಹಳ ಗೌರವದಿಂದ ಕೇಳಿದ. ಸುಳ್ಳು ಹೇಳಲು ಸಿಸ್ಟರ್‌ಗಳು ಕಲಿಸಿರಲಿಲ್ಲ. ಒಣಗಲು ಹಾಕಿದ್ದೆ ಎಂದೆ. ಈ ಗೋಡೆ ಫಿರಂಗಿ ಗುಂಡು ಕಂಡಿದೆ, ಒಗೆದ ಬಟ್ಟೆ ಕಂಡಿರಲಿಲ್ಲ, ಮಳೆಯೇ ತೊಳೆದುಬಿಡುತ್ತದೆ ಎಂದ. ಒಂದು ಬೈಗುಳವಿಲ್ಲ! ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಅವರ ಲಾಂಡ್ರಿಯವರು ಸಾಡೊವನ್ನು ಒಣಗಿಸಿ ಇಸ್ತ್ರಿ ಮಾಡಿ ತಂದರು. ರೂಮಿನೊಳಗಿದ್ದ ಸೆರಗು ಕೆಂಪು, ಹೊರಗಿದ್ದ ಒಡಲು ತಿಳಿಗುಲಾಬಿ. ಅದನ್ನೇ ಉಟ್ಟು ಹಲ್ಲು ಕಚ್ಚಿ ಮೆಟ್ಟಿಲಿಳಿದೆ. ಪಕ್ಕದ ಮೇಜಿನ ಹೆಂಗಸು, ಇಂಥ ಬಣ್ಣ ಎಲ್ಲಿ ಸಿಗುತ್ತದೆ ಎಂದು ಕೇಳಿದಳು. ಇಲ್ಲಿಯೇ ಮಾಡಿಸಿದ್ದು ಎಂದು ವಾಲ್ಟರ್ ವಿನಯದಿಂದ ಹೇಳಿದರು.

ಸೀರೆಯನ್ನು ಹೊರಗೆ ಹಾಕಲು ನಿನಗೆ ಯಾರು ಹೇಳಿದ್ದು ಎಂದು ಅವರು ಈವರೆಗೆ ಕೇಳಿಲ್ಲ. ನಾನು ಉತ್ತರ ಸಿದ್ಧ ಮಾಡಿಟ್ಟಿದ್ದೇನೆ: ಚಟ್ನಿ, ಮಗಳು, ಮೋಡ, ಇಡೀ ಐರ್ಲೆಂಡ್. ಕೇಳುವುದೇ ಇಲ್ಲ. ಹೀಗೆ ಇಡೀ ತಪ್ಪನ್ನು ನನ್ನೊಬ್ಬಳ ಕೈಯಲ್ಲೇ ಬಿಟ್ಟುಬಿಟ್ಟರೆ ಯಾವ ಹೆಂಗಸಿಗೆ ಸಿಟ್ಟು ಬರುವುದಿಲ್ಲ?